ಹದಿನೇಳನೇ ಡಬ್ಬಿ

ವಿಸ್ಮಿತಾ ಇನ್ನೊಮ್ಮೆ ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ಡಬ್ಬಿಗಳಲ್ಲಿ ಹದಿನೇಳನೇ ನಂಬರಿನದು ಅವಳದು, ಹದಿನೆಂಟನೆಯದು ತೃಷಾಳದು. ಉಗುರಿನಿಂದ ಎರಡರ ನಂಬರ್ ಸ್ಟಿಕ್ಕರನ್ನೂ ಎಬ್ಬಿಸಿ, ಅದನ್ನು ಇದಕ್ಕೆ, ಇದನ್ನು ಅದಕ್ಕೆ ಅಂಟಿಸಿದಳು. ಹೆದರಿದಾಗಲೆಲ್ಲ ದೇವರನ್ನು ನೆನೆಯುವ ಹುಡುಗಿ. ಆಗ ನೆನೆಯುವ ಧೈರ್ಯವೂ ಬರಲಿಲ್ಲ.

ಎಷ್ಟು ಮಂದಿಯ ಹೊಟ್ಟೆಯಲ್ಲಿ ಹುಳ ಉಂಟೆಂದು ತಿಳಿಯಲು ಆರೋಗ್ಯ ಇಲಾಖೆಯ ಸರ್ವೆಯವರು ತೋಡಾರಿನ ಆ ಶಾಲೆಗೆ ಬಂದಿದ್ದರು. ಐದನೇ ಕ್ಲಾಸಿನವರೆಲ್ಲ ಮನೆಯಿಂದ ಡಬ್ಬಿಯಲ್ಲಿ ಮಲ ತರಬೇಕಿತ್ತು.

"ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ಹೊಟ್ಟೆಯಲ್ಲಿ ಹುಳದ ಫ್ಯಾಮಿಲಿಯೇ ಉಂಟಂತೆ," ಎಂದು ಕ್ಲಾಸಿನ ಶಮೀರ್ ಮೂಗು ಹಿಡಿದುಕೊಂಡು ಹೇಳಿದ್ದ. "ಅಲ್ವಾ ವಿಸ್ಮಿತಾ?"

ಗೆಳತಿ ತೃಷಾಳಾದರೋ ಬಿಳಿ ಶೂ ಹಾಕಿ, ಬಾಟ್ಲಿಯಲ್ಲಿ ಬಿಸಿನೀರು ತರುವವಳು. ಹುಳ ಉಂಟೆಂದು ಬಂದರೂ ಅವಳನ್ನು ಯಾರೂ ತಮಾಷೆ ಮಾಡಲಿಕ್ಕಿಲ್ಲ.

ಹತ್ತು ದಿನ ಕಳೆದು ಸರ್ವೆಯ ಕಾಂತಿಯಕ್ಕ ಲಕೋಟೆಗಳನ್ನು ಹಂಚಿದರು. "ನಿಮ್ಮ ನಿಮ್ಮದು ಮಾತ್ರ ಓದಿ. ಕೊಕ್ಕೆಹುಳ ಮಣ್ಣಿನಿಂದ ಬರಿಗಾಲಿನ ಮೂಲಕ ಒಳಗೆ ಹೋಗಿ ರಕ್ತ ಹೀರ್ತದೆ, ಸುಸ್ತಾಗ್ತದೆ. ಇದ್ದವರು ಜಗಲಿಗೆ ಬನ್ನಿ, ಮಾತ್ರೆ ಕೊಡ್ತೇನೆ."

ವಿಸ್ಮಿತಾ ತನ್ನದನ್ನು ಬಿಡಿಸಿದಳು. 'ನಂಬರ್ ೧೭. ಕೊಕ್ಕೆಹುಳದ ಮೊಟ್ಟೆ ಕಂಡುಬಂದಿದೆ.'

ಹದಿನೇಳನ್ನು ಅಂಟಿಸಿದ್ದು ತೃಷಾಳ ಡಬ್ಬಿಗೆ.

"ನನಗೆ ಏನೂ ಇಲ್ಲ ಮಾರಾಯ್ತಿ," ಎಂದು ನಕ್ಕ ತೃಷಾ ಡೆಸ್ಕಿನ ಮೇಲೆ ತಲೆಯಿಟ್ಟಳು. ಒಂದು ತಿಂಗಳಿಂದ ಅವಳು ಹೀಗೆಯೇ. ಖೊಖೊದಲ್ಲಿ ಎರಡು ಸುತ್ತು ಓಡಿದರೆ ಏದುಸಿರು. ಇನ್ನು ಅವಳಿಗೆ ಮಾತ್ರೆಯೂ ಸಿಗುವುದಿಲ್ಲ.

ಹೇಳಿದರೆ ತೃಷಾ ಮತ್ತೆ ಮಾತಾಡುತ್ತಾಳೋ ಇಲ್ಲವೋ. ಹೇಳದಿದ್ದರೆ?

ವಿಸ್ಮಿತಾ ಜಗಲಿಗೆ ಹೋದಳು. ನೀರಿನ ನಳ್ಳಿಯ ಕಟ್ಟೆಯ ಹಿಂದೆ ಶಮೀರ್ ತಲೆ ಹಿಂದಕ್ಕೆ ಹಾಕಿ ಮಾತ್ರೆ ನುಂಗುತ್ತಿದ್ದ. ಇವಳನ್ನು ಕಂಡು ಬಾಯಿ ಒರೆಸಿಕೊಂಡ. "ಯಾರಿಗೂ ಹೇಳ್ಬೇಡ, ಆಯ್ತಾ?"

ಅವಳು ಹೂಂ ಎಂದಳು. ಕಾಂತಿಯಕ್ಕ ಅವಳ ಕೈಗೆ ಮಾತ್ರೆ ಇಡಲು ಬಂದಾಗ ಕೈ ಹಿಂದಕ್ಕೆಳೆದು, ಸಣ್ಣ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು.

ಕಾಂತಿಯಕ್ಕ ಬಯ್ಯಲಿಲ್ಲ. "ಮೂವತ್ತೆರಡು ಮಂದಿಯಲ್ಲಿ ಒಂಬತ್ತು ಮಂದಿಗೆ ಉಂಟು, ಮಗಾ. ಇದಕ್ಕೆ ಇಷ್ಟು ಹೆದರಿದ್ದಾ?" ಎಂದು ಎರಡು ಹೊಸ ಡಬ್ಬಿ ಕೊಟ್ಟರು. "ಇಬ್ಬರದ್ದೂ ಇನ್ನೊಮ್ಮೆ ನೋಡುವ. ತೃಷಾಳಿಗೆ ನೀನೇ ಹೇಳಬೇಕು."

ಹೇಳಿದಳು. ತೃಷಾ ಡಬ್ಬಿ ತೆಗೆದುಕೊಂಡಳು. ಆ ದಿನವಿಡೀ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಡಬ್ಬಿಗಳನ್ನು ಮೇಜಿನ ಮೇಲಿಟ್ಟರು.

"ಕಾಂತಿಯಕ್ಕ ಬರುವವರೆಗೆ ನಾನು ಇಲ್ಲೇ ನಿಲ್ತೇನೆ," ಎಂದಳು ತೃಷಾ, ಮುಖ ನೋಡದೆ.

"ನಿಲ್ಲು. ನಾನೂ ನಿಲ್ತೇನೆ."

ಸಂಜೆ ಖೊಖೊದ ಸೀಟಿ ಕೇಳಿತು. ಚಪ್ಪಲಿ ಬಿಚ್ಚಲು ಬಗ್ಗಿದ ವಿಸ್ಮಿತಾ ಹಾಗೆಯೇ ನಿಂತಳು. ಮೈದಾನದ ಬದಿಯಲ್ಲಿ ಎಲ್ಲರ ಚಪ್ಪಲಿಗಳು ಸಾಲಾಗಿದ್ದವು. ನಡುವೆ ತೃಷಾಳ ಬಿಳಿ ಶೂ. ಅಲ್ಲಿಂದ ಮುಂದಕ್ಕೆ, ಒದ್ದೆ ಮಣ್ಣಿನ ತುಂಬ ಬರಿಗಾಲಿನ ಹೆಜ್ಜೆಗಳು. ಯಾವುದು ಶಮೀರನದು, ಯಾವುದು ತೃಷಾಳದು ಎಂದು ಅವಳಿಗೆ ಗೊತ್ತಾಗಲಿಲ್ಲ.