ಎಲ್ಲಿಗೂ ಹೋಗದ ಹೆಬ್ಬಾವು

ಬಹಳ ಬಹಳ ಹಿಂದೆ, ಪವನಗಿರಿ ಎಂಬ ರಾಜ್ಯದಲ್ಲಿ ಧೂಮಕೇಶನೆಂಬ ಮಾಂತ್ರಿಕನಿದ್ದ. ವಯಸ್ಸು ಮುನ್ನೂರು, ನೋಡಲು ಮಾತ್ರ ಮದುಮಗ. ಹೇಗೆ ಅಂತೀರಾ? ಕಂಡವರ ಉಸಿರು ಕುಡಿದು! "ನನ್ನ ಕೋಟೆಗೆ ಬನ್ನಿ, ಮೈಗೆ ಬಲ ಬರುತ್ತದೆ" ಎಂದು ಆಸೆ ತೋರಿಸಿ, ಪಲ್ಲಕ್ಕಿ ಹೊರುವವರನ್ನೇ ಆರಿಸಿ ಒಳಗೆ ಹಾಕಿಕೊಂಡಿದ್ದ. ಅವರ ಉಸಿರು ಗಟ್ಟಿ, ಅದಕ್ಕೆ. ಥೂ, ಅವನ ಬಾಳಿಗಿಷ್ಟು!

ಹಾಗೆ ಹೋದವರಲ್ಲಿ ಹೊನ್ನಿಯ ಅಣ್ಣ ಕೆಂಚಣ್ಣನೂ ಒಬ್ಬ. ಹುಣ್ಣಿಮೆಯೊಳಗೆ ಹೊರಗೆ ಬಾರದಿದ್ದರೆ ಅವನ ಉಸಿರು ಪೂರ್ತಿ ಮುಗಿಯುತ್ತದೆಂದು ಹೊನ್ನಿಗೆ ತಿಳಿದಾಗ ಉಳಿದದ್ದು ಒಂದೇ ದಿನ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಟೆಯ ಬಾಗಿಲು ಗುದ್ದಿದಳು.

"ನಮ್ಮಣ್ಣನ್ನ ಬಿಡ್ತೀಯೋ, ಇಲ್ವೋ?"

"ಮೂರು ಮೃಗಗಳನ್ನು ದಾಟು, ಕರೆದುಕೊಂಡು ಹೋಗು" ಎಂದು ಮಾಂತ್ರಿಕ ನಕ್ಕ.

ಮೊದಲನೆಯದು ಚರ್ಮದ ಹೆಬ್ಬಾವು. ಬಾಲದಿಂದ ತಲೆಯವರೆಗೆ ಓಡಬೇಕು. ಹೊನ್ನಿ ಓಡಿದಳು. ಅವಳು ಮುಂದೆ ಓಡಿದಷ್ಟೂ ಅದರ ಬೆನ್ನು ಹಿಂದಕ್ಕೆ ಜಾರಿತು. ಅವಳ ಏದುಸಿರೆಲ್ಲ ಧೂಮಕೇಶನ ಕೈಯಲ್ಲಿದ್ದ, ಉಸಿರು ಹಿಡಿದಿಡುವ ಸೋರೆಬುರುಡೆಗೆ ಸೇರಿತು. ಅದು ಕಾಲುಭಾಗ ತುಂಬಿದ ಮೇಲೆ "ಸಾಕು, ಮುಂದಿನದಕ್ಕೆ ನಡೆ" ಎಂದ.

ಎರಡನೆಯದು ಕಲ್ಲಾನೆ. ಅದರ ಸೊಂಡಿಲೆಲ್ಲ ಮೆಟ್ಟಿಲು. ಹೊನ್ನಿ ಹತ್ತಿದಳು. ಕಾಲಿಟ್ಟ ಮೆಟ್ಟಿಲು ಕೆಳಗಿಳಿಯಿತು, ಮೇಲೊಂದು ಹುಟ್ಟಿತು. ಬುರುಡೆ ಅರ್ಧ ತುಂಬಿತು. "ನಡೆ, ಇನ್ನೊಂದೇ" ಎಂದ.

ಮೂರನೆಯದು ಮರದ ಮೊಸಳೆ. ಒಣನೆಲದ ಮೇಲೆ ಅಂಥವು ಐವತ್ತೊಂದು ಸಾಲಾಗಿದ್ದವು. ಒಂದು ಖಾಲಿ, ಉಳಿದ ಒಂದೊಂದರ ಮೇಲೂ ಒಬ್ಬೊಬ್ಬ ಕೂತು ದೋಣಿಯ ಹುಟ್ಟು ಹಾಕುತ್ತಿದ್ದ. ಕೊನೆಯಲ್ಲಿ ಕೆಂಚಣ್ಣ. ಅವನ ಪಕ್ಕೆಲುಬು ಎಣಿಸಬಹುದಿತ್ತು. ಹೊನ್ನಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

"ಹುಟ್ಟು ಹಿಡಿ!" ಎಂದ ಮಾಂತ್ರಿಕ.

"ಎಲ್ಲಿಗೆ?"

"ಸುಮ್ಮನೆ ಹಾಕು!"

"ಊರಿನ ಹೆಸರು ಹೇಳಯ್ಯಾ, ಆಮೇಲೆ ಹಾಕ್ತೀನಿ!"

ಪಲ್ಲಕ್ಕಿ ಹೊರುವವರಲ್ಲಿ ಒಂದು ಕಟ್ಟುನಿಟ್ಟಿತ್ತು. ಕೂತವರು ಹೋಗುವ ಊರು ಹೇಳದೆ ಹೆಗಲು ಕೊಡುವುದಿಲ್ಲ. ರಾಜನಾದರೂ ಅಷ್ಟೆ. ಆಸೆಗೆ ಬಿದ್ದು ಆ ಐವತ್ತೂ ಜನ ಅದೊಂದನ್ನು ಕೇಳಲು ಮರೆತಿದ್ದರು.

ಧೂಮಕೇಶ ಬಾಯಿ ತೆರೆದ. ಯಾವ ಊರೂ ಬರಲಿಲ್ಲ. ಇದ್ದರಲ್ಲವೇ ಬರಲು!

"ಅಣ್ಣಾ! ಇವನಿಗೆ ಊರೇ ಇಲ್ಲ! ಇಳಿಸ್ರೋ!" ಎಂದು ಹೊನ್ನಿ ಕೂಗಿದಳು.

ಪಲ್ಲಕ್ಕಿ ಇಳಿಸುವ ಕೂಗು ಕಿವಿಗೆ ಬಿದ್ದದ್ದೇ ತಡ, ಐವತ್ತು ಜೊತೆ ಕೈಗಳು ಹುಟ್ಟು ಬಿಟ್ಟವು. ಬುರುಡೆ ಬಿರಿದು ಉಸಿರೆಲ್ಲ ಅವರವರ ಎದೆಗೆ ಮರಳಿತು. ಧೂಮಕೇಶ ಬಾಗಿಲಿನತ್ತ ಓಡಿದ. ಸ್ವಂತ ಉಸಿರಿನಲ್ಲಿ ಓಡಿ ಅಭ್ಯಾಸವಿರದ ಮುದುಕ ನಾಲ್ಕು ಹೆಜ್ಜೆಗೇ ಕುಸಿದು ಹೊಗೆಯಾದ. ಮಾಟ ಹರಿದು ಹೆಬ್ಬಾವು, ಆನೆ, ಮೊಸಳೆಗಳಿಗೆ ಜೀವ ಬಂತು. ಅವು ಕಾಡಿಗೆ ಹೋದವು.

ಅಣ್ಣ ತಂಗಿ ಊರದಾರಿ ಹಿಡಿದರು. ಸ್ವಲ್ಪ ದೂರ ನಡೆದು ಕೆಂಚಣ್ಣ ಹಿಂತಿರುಗಿ ನೋಡಿದ, ಅಲ್ಲೇ ನಿಂತುಬಿಟ್ಟ.

"ಯಾಕಣ್ಣಾ?"

"ದಾಟಿ ಬಂದ ಆ ಹುಣಸೆಮರ ಹಿಂದಕ್ಕೋಯ್ತು ಕಣೇ! ನಾನು ನಿಜವಾಗ್ಲೂ ಮುಂದಕ್ಕೆ ಬಂದಿದೀನಿ!" ಎಂದು ಬಿಕ್ಕಿ ಬಿಕ್ಕಿ ಅತ್ತ.

ಸಂಜೆಗೆ ಮನೆ ಸೇರಿದರು. ಐವತ್ತು ಮನೆಗಳಲ್ಲೂ ಅಂದು ಬಿಸಿ ಅನ್ನ ಉಂಡರು, ಎಲ್ಲರೂ ಸುಖವಾಗಿ ಬಾಳಿದರು.