ಇನ್‌ಸ್ಟಾಲ್ ಆಗಿದೆ, ಆದರೆ ಸಿಗುತ್ತಿಲ್ಲ!

"ಏನ್ರೀ ಮಾಡಿಟ್ಟಿದ್ದೀರಿ ನನ್ನ ಪ್ರೋಗ್ರಾಮಿಗೆ?"

ಅವಳ ಕೂಗಿಗೆ ಇಡೀ ಆಫೀಸು ತಲೆ ಎತ್ತಿತು. ಸರ್ವರ್ ನೋಡಿಕೊಳ್ಳುವವನ ಮೇಜಿನ ಮುಂದೆ ಅವಳು ದುರುಗುಟ್ಟಿಕೊಂಡು ನಿಂತಿದ್ದಳು. ಮಾತು ತೊದಲುತ್ತದೆಂದು ಯಾರೊಂದಿಗೂ ಬೆರೆಯದ ಅವನಿಗೆ ಎಲ್ಲರೂ ಇಟ್ಟ ಹೆಸರು 'ಮೌನಿ'. ಆರು ತಿಂಗಳಿಂದ ಅವನನ್ನು ಕದ್ದು ಕದ್ದು ನೋಡುತ್ತಿದ್ದವಳು ಇವಳೇ ಅಂದರೆ ಆ ಹೊತ್ತಿನಲ್ಲಿ ಯಾರೂ ನಂಬುತ್ತಿರಲಿಲ್ಲ, ಬಿಡಿ!

ವಿಷಯ ಇಷ್ಟೇ. ಹಿಂದಿನ ದಿನ ಅವನು ಸರ್ವರಿನಲ್ಲಿ ಪ್ರೋಗ್ರಾಮುಗಳನ್ನು ಓಡಿಸುವ ಪೈಥಾನ್ ತಂತ್ರಾಂಶದ ಹೊಸ ಆವೃತ್ತಿ ಹಾಕಿದ್ದ. ಆಸ್ಪತ್ರೆಗಳಿಗೆ ರಕ್ತಪರೀಕ್ಷೆಯ ವರದಿ ಕಳಿಸುವ ಅವಳ ಪ್ರೋಗ್ರಾಮು ಬೆಳಗ್ಗೆಯಿಂದ ಕೆಟ್ಟು ಕೂತಿತ್ತು. ಅದಕ್ಕೆ ಬೇಕಾದ ಪ್ಯಾಕೇಜನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ನಾಲ್ಕು ಸಲ ಇನ್‌ಸ್ಟಾಲ್ ಮಾಡಿದಳು. ನಾಲ್ಕು ಸಲವೂ 'ಯಶಸ್ವಿ' ಎಂದು ಬಂತು. ಪ್ರೋಗ್ರಾಮು ಮಾತ್ರ ಆ ಪ್ಯಾಕೇಜೇ ಇಲ್ಲ ಎಂದು ಹಟ ಹಿಡಿದಿತ್ತು.

"ಎ... ಎರ... ಎರಡು..." ಅವನು ಎದ್ದು ನಿಂತು ತಡವರಿಸಿದ.

"ಅಯ್ಯೋ ಸಾಕು! ನಿಮ್ಮ ಒಂದು ಮಾತು ಹೊರಗೆ ಬರೋಷ್ಟರಲ್ಲಿ ರೋಗಿಗಳೇ ಇರಲ್ಲ!"

ಎಲ್ಲರೂ ಘೊಳ್ಳೆಂದು ನಕ್ಕರು. ಅವಳೂ ನಕ್ಕಳು.

ಗಲಾಟೆಗೆ ಹೊರಬಂದ ಮ್ಯಾನೇಜರ್ ಹಿಂದೆಮುಂದೆ ನೋಡಲಿಲ್ಲ. "ಅಪ್‌ಗ್ರೇಡ್ ಮಾಡಿದ್ದು ನೀವೇ ತಾನೇ? ಬ್ಯಾಗ್ ತಗೊಂಡು ಹೊರಡಿ. ನಾಳೆಯಿಂದ ಬರಬೇಡಿ."

'ಆಗಲಿ, ಬುದ್ಧಿ ಬರಲಿ!' ಅಂದುಕೊಂಡಳು. ಆದರೆ ಅವನು ತನ್ನತ್ತ ನೋಡದೆ ಹೊರಟಾಗ ಎದೆ ಚುರ್ ಎಂದಿತು.

ಅರ್ಧ ಗಂಟೆ ಕಳೆದ ಮೇಲೆ ಮೊದಲ ಬಾರಿಗೆ ಅವಳು ಎರರ್ ಸಂದೇಶವನ್ನು ಪೂರ್ತಿ ಓದಿದಳು. ಅದುವರೆಗೆ ಓದಿದ್ದು ಕೊನೆಯ ಸಾಲು ಮಾತ್ರ!

ಸರ್ವರಿನಲ್ಲಿ ಎರಡು ಪೈಥಾನ್ ಇದ್ದವು. ಅವಳು ಹಳೆಯ ಕಮಾಂಡನ್ನೇ ಕೊಡುತ್ತಿದ್ದಳು. ಪ್ಯಾಕೇಜು ಹೋಗಿ ಹಳೆಯದರಲ್ಲಿ ಕೂರುತ್ತಿತ್ತು, ಪ್ರೋಗ್ರಾಮು ಹೊಸದರಲ್ಲಿ ಹುಡುಕುತ್ತಿತ್ತು. ಹೊಸ ಕಮಾಂಡ್ ಯಾವುದೆಂದು ಅವನು ನಿನ್ನೆಯೇ ಎಲ್ಲರಿಗೂ ಮೇಲ್ ಹಾಕಿದ್ದ. ಅವಳು ಅದನ್ನು ತೆರೆದೇ ಇರಲಿಲ್ಲ.

ಎರಡೇ ನಿಮಿಷ... ವರದಿಗಳು ಹೊರಟವು.

"ಭೇಷ್! ಅವನು ಕೆಡಿಸಿದ್ದನ್ನ ನೀವು ಸರಿಮಾಡಿದ್ರಿ!" ಮ್ಯಾನೇಜರ್ ಚಪ್ಪಾಳೆ ತಟ್ಟಿದ.

'ಹೇಳಿಬಿಡಲಾ? ಹೇಳಿದರೆ ನನ್ನ ಕೆಲಸ...' ಅವಳು ಬಾಯಿ ಬಿಡಲಿಲ್ಲ. ಹೇಡಿ!

ನಾಲ್ಕನೆಯ ದಿನ ಅವನು ತನ್ನ ಗುರುತಿನ ಚೀಟಿ ಹಿಂತಿರುಗಿಸಲು ಬಂದ. ಹಿಂದಿನಿಂದ ಯಾರೋ ಅಣಕಿಸಿದರು, "ಎ... ಎರ... ಎರಡು!" ಮತ್ತೆ ಅದೇ ನಗು.

ಅವಳಿಗೆ ತಡೆಯಲಾಗಲಿಲ್ಲ. "ನಿಲ್ಲಿಸ್ರೀ! ತಪ್ಪು ನಂದು. ಅವರು ಸರಿಯಾಗೇ ಮಾಡಿದ್ರು. ನಾನು ಅವರ ಮೇಲ್ ಓದಿರ್ಲಿಲ್ಲ!"

ಮ್ಯಾನೇಜರ್ ತನ್ನ ಕೋಣೆಯಿಂದ ಹೊರಬಂದ.

"ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?" ಮ್ಯಾನೇಜರ್ ಹಲ್ಲು ಕಡಿದ. "ಅವರ ಕೆಲಸ ಅವರಿಗೇ ಇರಲಿ. ನೀವು ಹೊರಡಿ!"

ಲಿಫ್ಟಿನ ಬಳಿಗೆ ಅವನು ಅವಳ ಹಿಂದೆಯೇ ಬಂದ. ಅವಳ ಕಣ್ಣು ತುಂಬಿತು.

"ಕ್ಷಮಿಸಿ... ನಿಮ್ಮನ್ನ ತುಂಬಾ ಇಷ್ಟಪಟ್ಟಿದ್ದೆ. ಆದ್ರೂ ಹಾಗಂದೆ."

"ಬೇ... ಬೇರೆಯವರು ನಕ್ಕಿದ್ದು ನನಗೆ ಹೊಸದಲ್ಲ. ನೀ... ನೀವೂ ನಕ್ರಿ. ನಾನು ನಿಮ್ಮನ್ನ..."

ಮಾತು ಸಿಕ್ಕಿಕೊಂಡಿತು. ಲಿಫ್ಟ್ ಬಂತು, ಬಾಗಿಲು ತೆರೆದು ಮುಚ್ಚಿಕೊಂಡು ಹೋಯಿತು. ಅವಳು ಕದಲಲಿಲ್ಲ.

"...ಪ್ರೀತಿಸ್ತಿದ್ದೆ."

"ಈಗ?"

"ಈ... ಈಗ್ಲೂ. ಅದಕ್ಕೇ ಇಷ್ಟು ಉರಿ."

"ಸಂಜೆ ನಿಮ್ಮ ಕೆಲಸ ಮುಗಿಯೋವರೆಗೂ ಕೆಳಗೆ ನಿಂತಿರ್ತೀನಿ."

"ನಿಂ... ನಿಂತಿರಿ. ಆದ್ರೆ ಅವತ್ತಿನ ಮಾತು ಮರೀತೀನಿ ಅಂದ್ಕೋಬೇಡಿ."

"ಮರೀಬೇಡಿ... ಸಂಜೆ ಬನ್ನಿ, ಅಷ್ಟು ಸಾಕು."