ಭಾಷಣಕಾರನ ಡಿಕ್ಕಿ

ಚಾಕುವಿನ ತುದಿ ನನ್ನ ಪಕ್ಕೆಗೆ ತಾಗಿತ್ತು.

ನನ್ನ ಎರಡೂ ಕೈಯಲ್ಲಿ ಸನ್ಮಾನದ ಹಣ್ಣಿನ ಬುಟ್ಟಿ!

"ಅಲ್ಲಾಡ್ಬೇಡ ಗುರು. ಕಾರ್ ಕೀ ಕೊಡು," ಎಂದ ಕಾಡಪ್ಪ.

"ಕೈ ಖಾಲಿ ಇಲ್ವಲ್ಲಪ್ಪ... ಬುಟ್ಟಿ ಹಿಡ್ಕೋ, ಕೊಡ್ತೀನಿ."

"ನೀನು ಅಟೆಂಡರ್ ಅಲ್ಲ. ನಿನ್ನೆ ನಮ್ ಅಂಗಡಿ ಮುಂದೆ ಸುಳಿದಾಡ್ತಿದ್ದೆ. ಯಾರೋ ನೀನು?"

ನಾನು ವಾಸು. ಯಲಹಂಕದಲ್ಲಿ ಪತ್ತೇದಾರಿ ಕಚೇರಿ. ಮದುವೆ ಗಂಡಿನ ಕೆಲಸ ನಿಜವೇ, ಸಂಜೆ ಎಲ್ಲಿಗೆ ಹೋಗುತ್ತಾನೆ... ಇಂಥವೇ ಕೇಸು. ಚಾಕು ನನ್ನ ಲೈನ್ ಅಲ್ಲ.

ಆದರೆ ಈ ಕೇಸನ್ನು ಯಾರೂ ಕೊಟ್ಟಿದ್ದಲ್ಲ ಸಾರ್. ನನ್ನ ಅಕ್ಕನ ಮಗ ಪುನೀತ್ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಆಕ್ಸಿಜನ್ ಮೇಲೆ ಮಲಗಿದ್ದಾನೆ. ಪಿಯುಸಿ ಹುಡುಗ. ವೇಪ್, ಅದೇ ಇ-ಸಿಗರೇಟು, ಎಳೆದೂ ಎಳೆದೂ ಶ್ವಾಸಕೋಶ ಹಾಳು.

ಮಾಸ್ಕ್ ಸರಿಸಿ ಅವನು ಹೇಳಿದ್ದು ಇಷ್ಟೇ.

"ಮಾಮ... ಬಿಟ್ಬಿಟ್ಟಿದ್ದೆ. ಕ್ಲಾಸಲ್ಲಿ ಮೇಡಂ ಕಿತ್ಕೊಂಡಿದ್ರಲ್ಲ, ಅದೇ ವೇಪ್... ಭಾಷಣದ ಅಂಕಲ್ ಬಂದು ಹೋದ್ಮೇಲೆ ಗೇಟ್ ಪಕ್ಕದ ಅಂಗಡೀಲಿ ಮತ್ತೆ ಸಿಕ್ತು. ನಾನ್ ಅಂಟಿಸಿದ್ ಸ್ಟಿಕ್ಕರ್ ಕೂಡ ಹಂಗೇ ಇತ್ತು."

ಭಾಷಣದ ಅಂಕಲ್ ಎಂದರೆ ಬಾಲರಾಜ್. ಕಾಲೇಜು ಕಾಲೇಜಿಗೆ ಹೋಗಿ ವೇಪ್ ವಿರುದ್ಧ ಜಾಗೃತಿ ಮೂಡಿಸುವ ದೊಡ್ಡ ಮನುಷ್ಯ! ಪೊಲೀಸರನ್ನು ಕರೆದರೆ ಹೆಸರು ಕೆಡುತ್ತದೆ ಎಂದು ಕಾಲೇಜಿನವರಿಗೆ ಹೆದರಿಕೆ. ಮಕ್ಕಳಿಂದ ಕಿತ್ತುಕೊಂಡದ್ದನ್ನೆಲ್ಲ ಚೀಲದಲ್ಲಿ ಕಟ್ಟಿ, 'ನೀವೇ ನಾಶ ಮಾಡಿಬಿಡಿ ಸಾರ್' ಎಂದು ಇವನ ಕೈಗೇ ಕೊಡುತ್ತಾರೆ. ಇವನು ತನ್ನ ಬಂಟ ಕಾಡಪ್ಪನಿಗೆ. ಕಾಡಪ್ಪ ಗೇಟಿನ ಅಂಗಡಿಗೆ!

ಎಸ್‌ಐ ರುಖ್ಸಾರ್ ಮೇಡಂ ಬಳಿ ಹೋಗಿದ್ದೆ.

"ಕಾರಲ್ಲಿ ಹಿಡಿದ್ರೆ, ನಾಶ ಮಾಡೋಕೆ ತಗೊಂಡ್ ಹೋಗ್ತಿದ್ದೀನಿ ಅಂತಾನೆ ಕಣ್ರೀ. ಎಲ್ಲಾ ನಾಶ ಮಾಡಾಯ್ತು ಅಂತ ಮೊದ್ಲು ಅವನ ಬಾಯಲ್ಲೇ ಬರ್ಲಿ. ಆಮೇಲೆ ಡಿಕ್ಕಿ ತೋರ್ಸಿ."

"ಕೀ ಬೇಕಲ್ಲ ಮೇಡಂ?"

ಕೀ ಅವನೇ ಕೊಟ್ಟ!

ವಿದ್ಯಾರಣ್ಯಪುರದ ಈ ಕಾಲೇಜಿನಲ್ಲಿ ಅವನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿ ತನ್ನ ಬುಟ್ಟಿ ತಾನೇ ಹೊತ್ತರೆ ಮರ್ಯಾದೆ ಏನಾಗಬೇಕು? ನಾನು ಅಟೆಂಡರ್ ಮುನಿಆಂಜಿನಪ್ಪನ ಖಾಕಿ ಅಂಗಿ ತೊಟ್ಟು ವೇದಿಕೆಯ ಪಕ್ಕ ನಿಂತಿದ್ದೆ. ಬುಟ್ಟಿಯನ್ನು ಕೈಗಿಟ್ಟ. ಇವತ್ತಿನ ಚೀಲವನ್ನು ನನ್ನ ಹೆಗಲಿಗೆ ಹಾಕಿದ. ಕೀ ನನ್ನ ಜೇಬಿಗೆ ತುರುಕಿದ.

"ಡಿಕ್ಕೀಲಿಡಪ್ಪ."

ಮುಖ ನೋಡಲೇ ಇಲ್ಲ. ಕಾರಿನ ಬಳಿ ಕಾಡಪ್ಪ ಕಾವಲಿದ್ದಾನೆಂಬ ಧೈರ್ಯ ಬೇರೆ.

ಆ ಕಾಡಪ್ಪನ ಚಾಕುವೇ ಈಗ ನನ್ನ ಪಕ್ಕೆಯಲ್ಲಿ...

ಹಾಲ್‌ನಿಂದ ಮೈಕಿನಲ್ಲಿ ಬಾಲರಾಜನ ದನಿ ಕೇಳಿಸಿತು.

"ಹಿಂದಿನ ಕಾಲೇಜುಗಳು ಕೊಟ್ಟ ಒಂದೊಂದು ವೇಪನ್ನೂ ನನ್ನ ಕಣ್ಣ ಮುಂದೆಯೇ ಪುಡಿ ಮಾಡಿಸಿದ್ದೇನೆ, ಮಕ್ಕಳೇ!"

ಚಪ್ಪಾಳೆ!

ಬೇಕಿದ್ದ ಮಾತು ಬಂತು. ಆದರೆ ಡಿಕ್ಕಿಯನ್ನು ನಾನಿನ್ನೂ ನೋಡಿಲ್ಲ. ಖಾಲಿಯಿದ್ದರೆ? ನಾನು ಕಾರು ಕಳ್ಳ. ಬಾಲರಾಜ್ ಮುಂದಿನ ಕಾಲೇಜಿಗೆ. ಪುನೀತನಂಥ ಇನ್ನೊಬ್ಬ...

ಬುಟ್ಟಿಯ ಮೇಲೆ ಅನಾನಸ್ ಇತ್ತು. ಕಾಡಪ್ಪನ ಮುಖಕ್ಕೆ ಬುಟ್ಟಿಸಮೇತ ಅಪ್ಪಳಿಸಿದೆ!

"ಅಯ್ಯಪ್ಪಾ!"

ಚಾಕು ಬಿತ್ತು. ಕಾರಿಗೆ ಹಾರಿದೆ. ಕೀ ಒಳಗೇ ಹೋಗಲೊಲ್ಲದು! ಹೋಯಿತು... ಸ್ಟಾರ್ಟ್! ಕಾಡಪ್ಪ ಬಾನೆಟ್ ಮೇಲೆ ಬಿದ್ದು ವೈಪರ್ ಹಿಡಿದುಕೊಂಡ.

ರಿವರ್ಸ್ ಹಾಕಿದೆ.

"ನಿಲ್ಸೋ! ಬೀಳ್ತೀನಿ ಕಣೋ!"

"ಗಟ್ಟಿಯಾಗ್ ಹಿಡ್ಕೋ ಮಗಾ!"

ಹೂಕುಂಡಗಳು ಚೂರಾದವು. ಹಾಲ್‌ನ ಬಾಗಿಲಿಗೆ ಕಾರಿನ ಹಿಂಭಾಗ ಕೊಟ್ಟು ನಿಲ್ಲಿಸಿದೆ. ಮಕ್ಕಳೆಲ್ಲ ಎದ್ದು ನಿಂತರು. ಇಳಿದು ಬಂದು ಡಿಕ್ಕಿ ತೆರೆದೆ. ಕಣ್ಣು ಮುಚ್ಚಿಕೊಂಡೇ!

"ಓ..." ಎಂದಿತು ಇಡೀ ಹಾಲ್.

ಆಗ ಕಣ್ಣು ಬಿಟ್ಟೆ. ಚೀಲದ ಮೇಲೆ ಚೀಲ. ಒಂದೊಂದರ ಮೇಲೂ ಒಂದೊಂದು ಕಾಲೇಜಿನ ಹೆಸರು. ಒಂದನ್ನು ಸುರಿದೆ. ಪೆಪ್ಪರಮಿಂಟಿನ ಬಣ್ಣದ ವೇಪ್‌ಗಳು ಮಕ್ಕಳ ಕಾಲ ಬಳಿಗೆ ಉರುಳಿದವು.

"ಅದು... ನಾಳೆ ನಾಶ ಮಾಡೋಕೆ..." ಬಾಲರಾಜ್ ತೊದಲಿದ.

"ಈಗಷ್ಟೇ ಪುಡಿ ಮಾಡಿಸ್ದೆ ಅಂದ್ರಿ?" ಮಫ್ತಿಯಲ್ಲಿದ್ದ ರುಖ್ಸಾರ್ ಮೇಡಂ ಕೊನೆಯ ಸಾಲಿನಿಂದ ಎದ್ದರು.

ಬಾನೆಟ್ ಮೇಲಿಂದ ಕಾಡಪ್ಪ ಕೂಗಿದ. "ನಂದೇನಿಲ್ಲ ಮೇಡಂ! ಅಣ್ಣ ಕೊಟ್ಟಿದ್ದನ್ನ ಅಂಗಡೀಗೆ ಹಾಕ್ತಿದ್ದೆ, ಅಷ್ಟೇ!"

ಬಾಲರಾಜ್ ನನ್ನ ಕಡೆ ತಿರುಗಿದ. ಮೊದಲ ಬಾರಿಗೆ ಮುಖ ನೋಡಿದ.

"ಯಾರಯ್ಯ ನೀನು?"

"ಪುನೀತನ ಮಾಮ."

"ಯಾವ ಪುನೀತ್?"

ಹೆಗಲ ಚೀಲ ಇಳಿಸಿ, ಖಾಕಿ ಅಂಗಿಯ ತೋಳು ಮಡಚಿದೆ.

ಪ್ರಿನ್ಸಿಪಾಲ್ ಮೇಡಂ ಬೆವರುತ್ತ, ಅಭ್ಯಾಸಬಲದಿಂದ ಮೈಕಿನಲ್ಲೇ ತಡವರಿಸಿದರು. "ಈಗ... ಈಗ ವಂದನಾರ್ಪಣೆ..."

"ನಾನ್ ಮಾಡ್ತೀನಿ ಮೇಡಂ."

ವೇದಿಕೆ ಹತ್ತಿದೆ. ರುಖ್ಸಾರ್ ಮೇಡಂ ಬೇರೆ ಕಡೆ ತಿರುಗಿ, ಗೋಡೆಯ ಬ್ಯಾನರನ್ನು ಭಕ್ತಿಯಿಂದ ಓದತೊಡಗಿದರು.

ಒಂದೇ ಏಟು! ಪೇಟ ಮೂರನೇ ಸಾಲಿಗೆ ಹಾರಿತು.

ಅಷ್ಟಕ್ಕೇ ಮುಗಿಸಿದೆ ಸಾರ್... ವಂದನಾರ್ಪಣೆ ಉದ್ದವಾದರೆ ಮಕ್ಕಳು ಕೇಳುವುದಿಲ್ಲ.